ಬಹುಕಾಲ ನಿಂತ ಜಾವಾ ಮತ್ತು ಅದರ ಕಾರ್ಬ್ಯುರೆಟರು

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರಲಾರಂಭಿಸಿದ ಜಾವಾ ಮೋಟಾರ್ ಸೈಕಲ್ಲುಗಳೂ 1973ರಿಂದೀಚೆಗೆ ಯೆಜ್ಡಿ ಎಂಬ ಹೆಸರು ತಳೆದ ಅವುಗಳ ತಮ್ಮಂದಿರೂ ನಮ್ಮ ನಾಡಿನ ಅನೇಕ ಮನೆಗಳ ಹಿತ್ತಿಲಲ್ಲಿ, ಮೆಟ್ಟಿಲ ಕೆಳಗೆ, ಗೋಣಿತಾಟು ಹೊದ್ದು ಇಂದಿಗೂ ನಿಂತಿವೆ. ಕಾರ್ಖಾನೆ 1996ರಲ್ಲಿ ಮುಚ್ಚಿತು, ವಾಹನಗಳು ಉಳಿದವು. ತಂದೆಯೋ ಸೋದರಮಾವನೋ ಓಡಿಸುತ್ತಿದ್ದ ಇಂತಹ ಗಾಡಿಯನ್ನು ಮತ್ತೆ ನಡೆಸಬೇಕೆಂಬ ಆಸೆ ಹುಟ್ಟುವುದು ಸಹಜವೇ. ಹೊಸ ಪೆಟ್ರೋಲು ಸುರಿದು ಕಿಕ್ಕರನ್ನು ಹತ್ತಾರು ಸಲ ಒದ್ದರೆ ಎಂಜಿನು ಕೆಲವೊಮ್ಮೆ ಎದ್ದುಬಿಡುವುದೂ ಉಂಟು. ಅಪಾಯವಿರುವುದು ಅಲ್ಲಿಯೇ. ಏಳದ ಎಂಜಿನು ಯಾರಿಗೂ ಕೇಡು ಮಾಡದು. ಅರೆ ಮುಚ್ಚಿದ ಕಾರ್ಬ್ಯುರೆಟರಿನೊಡನೆ ಎದ್ದ ಎಂಜಿನು ಹೆದ್ದಾರಿಯ ವೇಗದಲ್ಲಿ ಹಠಾತ್ತನೆ ಕಚ್ಚಿಕೊಂಡು, ಹಿಂದಿನ ಚಕ್ರವನ್ನೇ ಬಿಗಿಹಿಡಿದು, ಸವಾರನನ್ನು ನೆಲಕ್ಕೆ ಕೆಡವಬಲ್ಲುದು.

ಇದಕ್ಕೆ ಕಾರಣವನ್ನು ಆ ಎಂಜಿನಿನ ಜಾತಿಯಲ್ಲಿಯೇ ಹುಡುಕಬೇಕು. ಈ ಹಳೆಯ ಜಾವಾ, ಯೆಜ್ಡಿಗಳದು ಎರಡು ಸ್ಟ್ರೋಕಿನ ಎಂಜಿನು. ನಾಲ್ಕು ಸ್ಟ್ರೋಕಿನ ಯಂತ್ರದಲ್ಲಿ ಜಾರೆಣ್ಣೆಗೆ ಪ್ರತ್ಯೇಕ ಮಡು, ಪ್ರತ್ಯೇಕ ಪಂಪು ಇರುತ್ತವೆ. ಇಲ್ಲಿಯಾದರೋ ಲೀಟರು ಪೆಟ್ರೋಲಿಗೆ ಸಾಮಾನ್ಯವಾಗಿ 40 ಮಿಲಿಲೀಟರಿನಷ್ಟು ಎಣ್ಣೆಯನ್ನು ಟ್ಯಾಂಕಿನಲ್ಲಿಯೇ ಬೆರೆಸುತ್ತೇವೆ. ಪಿಸ್ಟನ್ನಿಗೂ ಬೇರಿಂಗುಗಳಿಗೂ ಎಣ್ಣೆ ದೊರೆಯುವುದು ಪೆಟ್ರೋಲಿನೊಡನೆ ಮಾತ್ರ. ಆದುದರಿಂದ ಪೆಟ್ರೋಲನ್ನು ಅಳೆದು ಕೊಡುವ ಕಾರ್ಬ್ಯುರೆಟರೇ ಎಣ್ಣೆಯನ್ನೂ ಅಳೆದು ಕೊಡುವ ಸಾಧನ. ಅದು ಕಡಿಮೆ ಕೊಟ್ಟರೆ ಏಕಕಾಲದಲ್ಲಿ ಎರಡು ಅನರ್ಥಗಳು: ಮಿಶ್ರಣ ತೆಳುವಾಗಿ ಪಿಸ್ಟನ್ನು ಮಿತಿಮೀರಿ ಕಾಯುತ್ತದೆ, ಕಾಯ್ದ ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಸಿಕ್ಕದೆ ಹೋಗುತ್ತದೆ.

ಬರ್ನೂಲಿಯ ತತ್ತ್ವವನ್ನು ಪಾಠ ಹೇಳುವಾಗ ವಿಮಾನದ ರೆಕ್ಕೆಯನ್ನು ಉದಾಹರಿಸುವುದು ನಮ್ಮಲ್ಲಿ ವಾಡಿಕೆ. ಕಾಲೇಜಿನ ಅಂಗಳದಲ್ಲಿ ನಿಂತ ಮೋಟಾರ್ ಸೈಕಲ್ಲು ಅದಕ್ಕಿಂತ ಒಳ್ಳೆಯ ಉದಾಹರಣೆಯೆಂಬುದು ನಮ್ಮ ಅಭಿಪ್ರಾಯ. ಬರ್ನೂಲಿ 1738ರಲ್ಲಿ ಪ್ರಕಟಿಸಿದ, ವೆಂಚುರಿ 1797ರಲ್ಲಿ ಇಕ್ಕಟ್ಟು ಕೊಳವೆಗಳಲ್ಲಿ ಪರೀಕ್ಷಿಸಿ ವಿವರಿಸಿದ ಸಂಗತಿ ಇಷ್ಟು: ಹರಿಯುವ ವಸ್ತು ಇಕ್ಕಟ್ಟಿನಲ್ಲಿ ವೇಗ ಪಡೆದಾಗ ಅದರ ಒತ್ತಡ ಕುಗ್ಗುತ್ತದೆ. ಕಾರ್ಬ್ಯುರೆಟರಿನ ಗಂಟಲಿನಲ್ಲಿ ಗಾಳಿ ಸೆಕೆಂಡಿಗೆ 60 ಮೀಟರ್ ವೇಗದಿಂದ ನುಗ್ಗುತ್ತಿದೆಯೆಂದು ಭಾವಿಸೋಣ. ಆಗ ಒತ್ತಡ ಸುಮಾರು 2,160 ಪಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದಲ್ಲಿ ನೂರಕ್ಕೆ ಎರಡು ಪಾಲು, ಇಳಿಯುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಪೆಟ್ರೋಲನ್ನು 30 ಸೆಂಟಿಮೀಟರ್ ಎತ್ತಲು ಇಷ್ಟೇ ಸಾಕು. ಗಂಟಲಿನ ಕೆಳಗಿನ ಬಟ್ಟಲಿನಲ್ಲಿ ಪೆಟ್ರೋಲು ಕೆಲವೇ ಮಿಲಿಮೀಟರ್ ಕೆಳಗೆ ನಿಂತಿರುತ್ತದೆ. ಅದು ಚಿಮ್ಮಿ ಬಂದು ಗಾಳಿಯೊಡನೆ ಬೆರೆಯುತ್ತದೆ.

ಎಷ್ಟು ಬರಬೇಕೆಂಬುದನ್ನು ನಿರ್ಣಯಿಸುವುದು ಹಿತ್ತಾಳೆಯ ಪುಟ್ಟ ತಿರುಪೊಂದರ ನಡುವಣ ರಂಧ್ರ. ಅದನ್ನೇ ಜೆಟ್ ಎನ್ನುತ್ತಾರೆ. ಮೆಲ್ಲನೆ ಓಡುವಾಗ ಪೈಲಟ್ ಜೆಟ್ಟೂ, ನಡುವೇಗದಲ್ಲಿ ಸ್ಲೈಡಿಗೆ ತೂಗಿದ ಮೊನಚು ಸೂಜಿಯೂ, ಆಕ್ಸಲರೇಟರನ್ನು ಪೂರ್ತಿ ತಿರುಗಿಸಿದಾಗ ಮೇನ್ ಜೆಟ್ಟೂ ಅಧಿಕಾರ ನಡೆಸುತ್ತವೆ. ಮೇನ್ ಜೆಟ್ಟಿನ ರಂಧ್ರದ ವ್ಯಾಸ 0.95 ಮಿಲಿಮೀಟರ್ ಎಂದುಕೊಳ್ಳೋಣ. ಗಾಡಿ ವರ್ಷಗಟ್ಟಲೆ ನಿಂತಾಗ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ ಹೋಗುತ್ತವೆ. ಭಾರವಾದವು ಗಾಳಿಯ ಆಮ್ಲಜನಕದೊಡನೆ ಕೂಡಿ ಅಂಟಾಗುತ್ತವೆ. ಬೆರೆಸಿದ ಎಣ್ಣೆ ಅದಕ್ಕೆ ಜೊತೆಗೂಡಿ ಜೇನಿನ ಬಣ್ಣದ ಅರಗಿನಂತೆ ಲೋಹಕ್ಕೆ ಹತ್ತುತ್ತದೆ. ಈ ಲೇಪ ರಂಧ್ರದ ಗೋಡೆಗೆ ಸುತ್ತಲೂ 0.05 ಮಿಲಿಮೀಟರ್ ಹತ್ತಿದರೆ ವ್ಯಾಸ 0.85ಕ್ಕೆ ಇಳಿಯುತ್ತದೆ. ಹರಿವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಪೆಟ್ರೋಲು, ಅದರೊಡನೆ ಎಣ್ಣೆ, ನೂರಕ್ಕೆ ಇಪ್ಪತ್ತರಷ್ಟು ಕಡಿಮೆಯಾಯಿತು! ತಲೆಗೂದಲಿನಷ್ಟೂ ದಪ್ಪವಿಲ್ಲದ ಪೊರೆಯ ಕೆಲಸವಿದು. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದವರು 'ತೂತು ತೆರೆದೇ ಇದೆ' ಎಂದು ತೃಪ್ತರಾಗುವುದು ಎಷ್ಟು ಮೋಸವೆಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಅಷ್ಟೇ ಸಾಮಾನ್ಯ. ಕೈಗೆ ಸಿಕ್ಕ ಉಕ್ಕಿನ ತಂತಿಯನ್ನು ತೂರಿಸಿ ಜೆಟ್ಟನ್ನು 'ಬಿಡಿಸುವ' ಪದ್ಧತಿ ನಮ್ಮ ರಿಪೇರಿ ಅಂಗಡಿಗಳಲ್ಲಿ ರೂಢಿಯಲ್ಲಿದೆ. ಹಿತ್ತಾಳೆ ಮೃದು, ಉಕ್ಕು ಅದನ್ನು ಗೀರಿ ರಂಧ್ರವನ್ನು 1.00 ಮಿಲಿಮೀಟರಿಗೆ ಹಿಗ್ಗಿಸಿದರೆ ಪೆಟ್ರೋಲು ನೂರಕ್ಕೆ ಹನ್ನೊಂದರಷ್ಟು ಹೆಚ್ಚುತ್ತದೆ. ಜೆಟ್ಟಿನ ಮೇಲೆ ಕೊರೆದ ಅಂಕಿ ಆಮೇಲೆ ಸುಳ್ಳಾಗುತ್ತದೆ. ಜೆಟ್ಟುಗಳನ್ನು ಕಾರ್ಬ್ಯುರೆಟರ್ ಕ್ಲೀನರಿನಲ್ಲಿ ಒಂದು ರಾತ್ರಿ ನೆನೆಯಿಟ್ಟು, ನೈಲಾನ್ ಎಳೆಯಿಂದ ಉಜ್ಜಿ, ಒತ್ತಿದ ಗಾಳಿಯನ್ನು ಊದುವುದೇ ಸರಿಯಾದ ಕ್ರಮ. ಊದುವಾಗ ಕಣ್ಣಿಗೆ ಕನ್ನಡಕವಿರಲಿ. ಮುಖ್ಯ ಶರೀರದೊಳಗಿನ ಕಿರುಗಾಲುವೆಗಳನ್ನು, ವಿಶೇಷವಾಗಿ ಪೈಲಟ್ ಜೆಟ್ಟಿನ ಹಾದಿಯನ್ನು, ಮರೆಯಬಾರದು. ಅಲ್ಲಿ ಸಿಕ್ಕಿದ ಅಂಟು ಹೊರಗಿನಿಂದ ಕಾಣುವುದೇ ಇಲ್ಲ.

ಜೆಟ್ಟು ಕಳಚಿ ಬಾರದಿದ್ದರೆ ಬಲಪ್ರಯೋಗ ಬೇಡ. ಕಾರ್ಬ್ಯುರೆಟರಿನ ಶರೀರ ಸಾಮಾನ್ಯವಾಗಿ ಸತುವಿನ ಅಥವಾ ಅಲ್ಯೂಮಿನಿಯಮಿನ ಮಿಶ್ರಲೋಹ. ಇವೆರಡೂ ಹಿತ್ತಾಳೆಗಿಂತ ಹೆಚ್ಚಾಗಿ ಶಾಖಕ್ಕೆ ಹಿಗ್ಗುತ್ತವೆ. ಪೆಟ್ರೋಲಿನ ವಾಸನೆಯೂ ಉಳಿಯದಂತೆ ಒಣಗಿಸಿದ ಶರೀರವನ್ನು, ಒಲೆಯಿಂದ ಇಳಿಸಿ ದೂರಕ್ಕೆ ತಂದ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟರೆ ಹಿಡಿತ ಸಡಿಲುತ್ತದೆ. ಮಳೆಗಾಲದ ತೇವದಿಂದ ಮೂಡಿದ ಬಿಳಿಯ ಪುಡಿಯನ್ನು ಕರಗಿಸಲು ಕೆಲವರು ಹುಣಿಸೆ, ನಿಂಬೆ, ಕಾಸ್ಟಿಕ್ ಸೋಡಗಳನ್ನು ಬಳಸುವುದುಂಟು. ಹುಳಿಗಳು ಪುಡಿಯನ್ನು ಮುಗಿಸಿ ಲೋಹಕ್ಕೆ ಕೈಹಾಕುತ್ತವೆ. ಕಾಸ್ಟಿಕ್ ಸೋಡವಂತೂ ಸತುವನ್ನೂ ಅಲ್ಯೂಮಿನಿಯಮನ್ನೂ ತಿಂದೇಬಿಡುತ್ತದೆ. ಮೆದು ಬ್ರಷ್ಷು ಮತ್ತು ತಾಳ್ಮೆ ಇವಕ್ಕಿಂತ ಮೇಲು.

ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವುದು ಫ್ಲೋಟ್. ಹಳೆಯ ಕಾರ್ಬ್ಯುರೆಟರುಗಳಲ್ಲಿ ಅದು ಹಿತ್ತಾಳೆಯ ಟೊಳ್ಳು ಡಬ್ಬಿ. ಅದನ್ನು ಕಿವಿಯ ಬಳಿ ಅಲುಗಿಸಿ. ದ್ರವದ ಸದ್ದು ಕೇಳಿದರೆ ಸೂಕ್ಷ್ಮ ರಂಧ್ರವಿದೆಯೆಂದು ಅರ್ಥ. ಬಿಸಿನೀರಿನಲ್ಲಿ ಮುಳುಗಿಸಿದಾಗ ಒಳಗಿನ ಗಾಳಿ ಹಿಗ್ಗಿ, ರಂಧ್ರವಿದ್ದೆಡೆಯಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ಒಳಗಿನ ಪೆಟ್ರೋಲನ್ನು ಕೊನೆಯ ಹನಿಯವರೆಗೆ ತೆಗೆದು, ಆವಿಯನ್ನೂ ಪೂರ್ತಿ ಹೊರಗಟ್ಟಿದ ಹೊರತು ಬೆಸುಗೆಯ ಕಾವನ್ನು ಹತ್ತಿರ ತರಕೂಡದು, ಡಬ್ಬಿ ಸಿಡಿಯಬಹುದು. ಬೆಸುಗೆಯೂ ಮಿತವಾಗಿರಲಿ. ಡಬ್ಬಿಯ ತೂಕ ಒಂದು ಗ್ರಾಂ ಹೆಚ್ಚಿದರೆ, ಆರ್ಕಿಮಿಡೀಸನ ನಿಯಮದಂತೆ ಅದು ಇನ್ನೊಂದು ಗ್ರಾಂ ಪೆಟ್ರೋಲನ್ನು, ಎಂದರೆ ಸುಮಾರು 1.35 ಘನ ಸೆಂಟಿಮೀಟರನ್ನು, ಪಕ್ಕಕ್ಕೆ ತಳ್ಳುವವರೆಗೆ ಇಳಿದೇ ತೇಲುತ್ತದೆ. ಕವಾಟ ತಡವಾಗಿ ಮುಚ್ಚುತ್ತದೆ, ಮಟ್ಟ ಏರುತ್ತದೆ, ಪೆಟ್ರೋಲು ಸೋರುತ್ತದೆ.

ಜೆಟ್ಟು ಸರಿಯಾಗಿದ್ದೂ ಮಿಶ್ರಣ ತೆಳುವಾಗಲು ಮತ್ತೊಂದು ಹಾದಿಯುಂಟು. ಎಂಜಿನಿಗೆ ಕೂಡಿಸುವ ನಟ್ಟುಗಳನ್ನು ಅತಿಯಾಗಿ ಬಿಗಿದು ಕಾರ್ಬ್ಯುರೆಟರಿನ ಪಟ್ಟಿ ಬಾಗಿದ್ದರೆ ಆ ಸಂದಿನಿಂದ ಕಳ್ಳಗಾಳಿ ನುಗ್ಗುತ್ತದೆ. ದಪ್ಪ ಗಾಜಿನ ಮೇಲೆ ಪಟ್ಟಿಯನ್ನಿಟ್ಟು ನೋಡಿದರೆ ಬಾಗು ತಿಳಿಯುತ್ತದೆ. ಅದೇ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ ಉಜ್ಜಿ ಸಮ ಮಾಡಬಹುದು. ಹೊಸ ಗ್ಯಾಸ್ಕೆಟ್ ಹಾಕಲೇಬೇಕು. ಟ್ಯಾಂಕಿನಲ್ಲಿ ತುಕ್ಕು ಉಳಿದಿದ್ದರೆ ಈ ಶ್ರಮವೆಲ್ಲ ವಾರದೊಳಗೆ ವ್ಯರ್ಥ.

ಇನ್ನೊಂದು ಮಾತು ಇಂದಿನ ಪೆಟ್ರೋಲಿನ ಕುರಿತು. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು 2025ರಲ್ಲಿ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕಾದರೆ ಎಥನಾಲಿಗೆ 9 ಸಾಕು. ಈ ಮಿಶ್ರಣಕ್ಕೆ ಸುಮಾರು 13.5. ಆದುದರಿಂದ ಅಷ್ಟೇ ಗಾಳಿಗೆ ನೂರಕ್ಕೆ ಒಂಬತ್ತರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಹಳೆಯ ಜೆಟ್ಟಿಗೆ ಈ ಸುದ್ದಿ ತಿಳಿಯದು! ಸ್ವಚ್ಛವಾಗಿದ್ದರೂ ಅದು ತೆಳು ಮಿಶ್ರಣವನ್ನೇ ಕೊಡುತ್ತದೆ, 0.95ರ ಜೆಟ್ಟಿದ್ದೆಡೆ 0.98 ಅಥವಾ 1.00 ಬೇಕಾಗಬಹುದು. ಎಥನಾಲು ನೀರನ್ನು ಹೀರುವ ಸ್ವಭಾವದ್ದು. ತಿಂಗಳುಗಟ್ಟಲೆ ನಿಂತರೆ ನೀರಿನೊಡನೆ ಬೇರ್ಪಟ್ಟು ಬಟ್ಟಲಿನ ತಳ ಸೇರಿ ಲೋಹವನ್ನು ಕೊರೆಯುತ್ತದೆ. ಗಾಡಿಯನ್ನು ಬಹುದಿನ ನಿಲ್ಲಿಸುವಾಗ ಬಟ್ಟಲನ್ನು ಬರಿದು ಮಾಡಬೇಕು.

ಜೆಟ್ಟಿನ ಅಳತೆ ಸರಿಹೊಂದಿತೇ ಎಂಬುದಕ್ಕೆ ಸ್ಪಾರ್ಕ್ ಪ್ಲಗ್ಗೇ ಸಾಕ್ಷಿ. ನಿರ್ಜನವಾದ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಪೂರ್ಣ ಆಕ್ಸಲರೇಟರಿನಲ್ಲಿ ಓಡಿಸಿ, ಕ್ಲಚ್ಚನ್ನು ಹಿಡಿದೊಡನೆ ಎಂಜಿನನ್ನು ನಿಲ್ಲಿಸಿ, ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದರ ಪಿಂಗಾಣಿ ಕಾಫಿಪುಡಿಯ ಬಣ್ಣದ್ದಾಗಿದ್ದರೆ ಮಿಶ್ರಣ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳು, ಗಾಡಿಯನ್ನು ಮೆಲ್ಲನೆ ಮನೆಗೆ ತಂದು ದೊಡ್ಡ ಜೆಟ್ಟನ್ನು ಹಾಕಬೇಕು. ಈ ಪರೀಕ್ಷೆಯ ಉದ್ದಕ್ಕೂ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆಯೇ ಇರಲಿ.