ಎಂಜಿನ್ನಿಗೊಂದು ರಬ್ಬರಿನ ಪೀಠ

ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ರಸ್ತೆಗಳಲ್ಲಿ ಸಂಚರಿಸುವವರಿಗೆ ಒಂದು ಅನುಭವವು ತಪ್ಪಿದ್ದಲ್ಲ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ಹಿಂದೆ ನಿಂತಲ್ಲಿಯೇ ಗುರುಗುಟ್ಟುವ ಕಾರುಗಳು. ಇಂತಹ ಸಾಲಿನಲ್ಲಿ ಒಮ್ಮೆ ನಾವು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಕಾರಿನಲ್ಲಿ ಕುಳಿತಿದ್ದೆವು. ಆಸನವು ನಡುಗುತ್ತಿದ್ದಿತು, ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಮಸುಕಾಗಿದ್ದಿತು. ವೇಗದ ಓಟಕ್ಕೆಂದು ಅವನು ಎಂಜಿನ್ ಮೌಂಟಿಂಗಿನ ರಬ್ಬರ್ ಬುಷ್‌ಗಳನ್ನು ತೆಗೆಸಿ, ಪಾಲಿಯುರೆಥೇನಿನ ಗಟ್ಟಿ ಬುಷ್‌ಗಳನ್ನು ಹಾಕಿಸಿದ್ದನು. “ಬೆನ್ನು ನೋಯ್ತದಂತ ಅವ್ವ ಈ ಗಾಡಿ ಹತ್ತವಲ್ಲಳ್ರೀ ಸರ್. ಮೇಸ್ತ್ರಿ ಏನರೆ ತಪ್ಪು ಮಾಡ್ಯಾನೇನ್ರೀ?” ಎಂದು ಕೇಳಿದನು. ಮೇಸ್ತ್ರಿಯು ನಿರ್ದೋಷಿ. ಕಾರಣವನ್ನು ಭೌತವಿಜ್ಞಾನದಲ್ಲಿ ಹುಡುಕಬೇಕು.

ಬುಷ್‌ಗಳು ಎಂಜಿನ್ನಿನ ಭಾರವನ್ನು ಹೊರುವುದಷ್ಟೇ ಅಲ್ಲದೆ ಅದರ ಹೊರಳಾಟವನ್ನೂ ತಡೆಯಬೇಕು. ಕ್ರಿಯೆಗೆ ಪ್ರತಿಕ್ರಿಯೆಯುಂಟೆಂಬ ನ್ಯೂಟನ್ನನ ನಿಯಮದಂತೆ, ಎಂಜಿನ್ನು ಚಕ್ರಗಳನ್ನು ಒಂದು ದಿಕ್ಕಿಗೆ ತಿರುಗಿಸುವಾಗ ತಾನು ವಿರುದ್ಧ ದಿಕ್ಕಿಗೆ ಹೊರಳಲು ಹವಣಿಸುತ್ತದೆ. ಎಂಜಿನ್ನು ಅಡ್ಡಲಾಗಿ ಕುಳಿತಿರುವ, ಮುಂಚಕ್ರಗಳಿಂದ ಓಡುವ ಕಾರೊಂದನ್ನು ತೆಗೆದುಕೊಳ್ಳೋಣ. ಎಂಜಿನ್ನಿನ ತಿರುಚುಬಲವು 150 ನ್ಯೂಟನ್-ಮೀಟರ್ ಇದ್ದು, ಮೊದಲನೆಯ ಗೇರಿನಲ್ಲಿ ಅದು 14 ಪಟ್ಟು ಹೆಚ್ಚಿದರೆ 2,100 ಆಗುವುದು. ಅರ್ಧ ಮೀಟರು ಅಂತರದ ಎರಡು ಬುಷ್‌ಗಳು ಇದನ್ನು ತಡೆಯಬೇಕಾದರೆ ಒಂದೊಂದರ ಮೇಲೂ 4,200 ನ್ಯೂಟನ್, ಎಂದರೆ ಸುಮಾರು 430 ಕಿಲೋಗ್ರಾಂ ಭಾರದಷ್ಟು ಬಲ ಬೀಳುತ್ತದೆ. ಮೆದು ರಬ್ಬರು ಇದಕ್ಕೆ ಬಾಗುವುದು, ಎಂಜಿನ್ನು ಹೊರಳುವುದು, ಆಕ್ಸಿಲರೇಟರ್ ತುಳಿದುದಕ್ಕೆ ಕಾರು ಅರೆಕ್ಷಣ ತಡವಾಗಿ ಸ್ಪಂದಿಸುವುದು. ಕೆ-1000 ರ್‍ಯಾಲಿಯಂಥ ಸ್ಪರ್ಧೆಗಳಲ್ಲಿ ಓಡಿಸುವವರು ಗಟ್ಟಿ ಬುಷ್‌ಗಳನ್ನು ಬಯಸುವುದು ಸಹಜವೇ ಸರಿ.

ಹಾಗಾದರೆ ರಬ್ಬರೇಕೆ? ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಚೆನ್ನಾಗಿ ಹಿಗ್ಗುವ ರಬ್ಬರಿನ ಪಟ್ಟಿಗೆ ಒಂದು ಬೀಗವನ್ನು ತೂಗುಹಾಕಿ, ಕೈಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿರಿ. ಬೀಗವು ಕೈಯನ್ನೇ ಅನುಸರಿಸುವುದು. ವೇಗವನ್ನು ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಬೀಗವು ಹುಚ್ಚೆದ್ದು ಕುಣಿಯುವುದು. ಪಂಚಮಿಯ ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ಜೀಕಿದಂತೆ ಇದು, ಇದೇ ಅನುರಣನೆ. ಇನ್ನೂ ವೇಗವಾಗಿ ಆಡಿಸಿರಿ. ಆಶ್ಚರ್ಯ! ಕೈ ಕುಣಿಯುತ್ತಿದ್ದರೂ ಬೀಗವು ಹೆಚ್ಚುಕಡಿಮೆ ನಿಂತೇಬಿಡುವುದು. ಕಂಪನದ ಆವೃತ್ತಿಯು ಸಹಜ ಆವೃತ್ತಿಯ 1.41 ಪಟ್ಟನ್ನು ಮೀರಿದ ಮೇಲೆಯೇ ಈ ರಕ್ಷಣೆಯು ದೊರೆಯುತ್ತದೆ.

ಈಗ ಕಾರಿಗೆ ಬರೋಣ. ನಾಲ್ಕು ಸಿಲಿಂಡರುಗಳ, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಸುತ್ತೊಂದಕ್ಕೆ ಎರಡು ಸಲ ಇಂಧನವು ಉರಿಯುತ್ತದೆ. ನಿಂತ ಕಾರಿನ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 27 ಹೊಡೆತಗಳಾದುವು. ರಬ್ಬರಿನ ಮೇಲೆ ಕುಳಿತ ಎಂಜಿನ್ನಿನ ಸಹಜ ಆವೃತ್ತಿಯು ಸೆಕೆಂಡಿಗೆ 10 ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಕಂಪನಬಲದ ಆರನೆಯ ಒಂದು ಪಾಲು ಮಾತ್ರ ಕಾರಿನ ಒಡಲನ್ನು ಮುಟ್ಟುವುದು. ಬುಷ್‌ನ ಬಿಗಿತವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಸಹಜ ಆವೃತ್ತಿಯು ಇಮ್ಮಡಿಸಿ 20 ಆಗುವುದು. ಇದರ 1.41 ಪಟ್ಟು 28. ನಮ್ಮ 27 ಹೊಡೆತಗಳು ಅದಕ್ಕಿಂತ ಕೆಳಗೇ ಉಳಿದುವು. ಆಗ ಕಂಪನಬಲವು ಕುಗ್ಗುವುದಿರಲಿ, ಸುಮಾರು 1.3 ಪಟ್ಟಾಗಿ ಹಿಗ್ಗಿಯೇ ಒಡಲನ್ನು ಸೇರುವುದು! ಆದರೆ 3,000 ಸುತ್ತುಗಳಲ್ಲಿ ಹೊಡೆತಗಳು ಸೆಕೆಂಡಿಗೆ 100. ಆಗ ಗಟ್ಟಿ ಬುಷ್ ಕೂಡ ಇಪ್ಪತ್ತನಾಲ್ಕರಲ್ಲೊಂದು ಪಾಲನ್ನಷ್ಟೇ ದಾಟಗೊಡುತ್ತದೆ. ಓಡುವ ಕಾರು ಶಾಂತವಾಗಿದ್ದು, ಕಬ್ಬಿನ ಸಾಲಿನಲ್ಲಿ ನಿಂತ ಕಾರು ನಡುಗುವ ಗುಟ್ಟು ಇದೇ.

ಎಂಜಿನ್ನನ್ನು ರಬ್ಬರಿನ ಮೇಲೆ ತೇಲಿಸುವ ಉಪಾಯವು 1931ರ ಪ್ಲಿಮತ್ ಕಾರಿನಲ್ಲಿ ಪ್ರಸಿದ್ಧವಾಯಿತು. ಈಗ ಅನೇಕ ಕಾರುಗಳಲ್ಲಿ ರಬ್ಬರಿನೊಳಗೆ ದ್ರವವನ್ನು ತುಂಬಿದ ಮೌಂಟಿಂಗುಗಳಿರುತ್ತವೆ. ದೊಡ್ಡ ಕುಲುಕಾಟ ಬಂದಾಗ ದ್ರವವು ಕಿರಿದಾದ ಹಾದಿಯಲ್ಲಿ ಹರಿದು ಅದನ್ನು ತಣಿಸುತ್ತದೆ. ಸಣ್ಣ ಕಂಪನಗಳಿಗೆ ಮೌಂಟಿಂಗು ಮೆದುವಾಗಿಯೇ ವರ್ತಿಸುತ್ತದೆ.

ಎಣ್ಣೆ ಮತ್ತು ಶಾಖಗಳಿಂದ ರಬ್ಬರು ಕಾಲಕ್ರಮದಲ್ಲಿ ಬಿರಿಯುವುದು. ಹರಿದ ಬುಷ್ ಇದ್ದರೆ ಮೊದಲು ಅದನ್ನು ಬದಲಿಸಬೇಕು. ಎಷ್ಟೋ ವೇಳೆ ಹೊಸ ರಬ್ಬರೇ ಕಾರಿಗೆ ಹಳೆಯ ಚುರುಕನ್ನು ಮರಳಿಸುವುದು. ಅದೂ ಸಾಲದಿದ್ದರೆ ಭಾರವನ್ನು ಹೊರುವ ಮೌಂಟಿಂಗುಗಳನ್ನು ಮುಟ್ಟದೆ, ಹೊರಳಾಟವನ್ನು ತಡೆಯುವ ಟಾರ್ಕ್ ರಾಡಿನ ಬುಷ್ ಒಂದನ್ನೇ ತುಸು ಗಟ್ಟಿ ಮಾಡಬಹುದು. ನಡುಕವು ಸ್ವಲ್ಪ ಹೆಚ್ಚಬಹುದಾದರೂ ಎಲ್ಲವನ್ನೂ ಗಟ್ಟಿ ಮಾಡಿದಷ್ಟಲ್ಲ.

ನಮ್ಮ ವಿದ್ಯಾರ್ಥಿಯು ಕೊನೆಗೆ ಹೀಗೆಯೇ ಮಾಡಿಸಿದನು. ಮೊದಲಿನ ಬಿರುಸು ತುಸು ತಗ್ಗಿತೆಂದು ಅವನಿಗೆ ಕೊರಗುಂಟು. ಆದರೆ ಅವನ ತಾಯಿ ಈಗ ಆ ಕಾರಿನಲ್ಲಿಯೇ ಬೆಳಗಾವಿಯ ಆಸ್ಪತ್ರೆಗೆ ಹೋಗಿಬರುತ್ತಾಳೆ.