ತೂಬಿನ ಬಿರಡೆಯು ಕಳೆದುಹೋದಲ್ಲಿ ಮಾಡತಕ್ಕ ಕ್ರಮ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳೆಯ ಕೆರೆಗಳಲ್ಲಿ ತೂಬಿನ ಕಲ್ಲಿನ ಕಂಡಿಯನ್ನು ಮರದ ಬಿರಡೆಯಿಂದ ಮುಚ್ಚುವ ವಾಡಿಕೆಯುಂಟು. ಈ ಬಿರಡೆಯು ಶಿಥಿಲವಾಗಿ ಕೊಚ್ಚಿಹೋದಲ್ಲಿ ಆಗುವ ನಷ್ಟವು ಅಲ್ಪವಲ್ಲ. 10 ಅಡಿ ನೀರಿನ ಕೆಳಗೆ 6 ಅಂಗುಲ ಅಗಲದ ಕಂಡಿಯೊಂದು ತೆರೆದಿದ್ದರೆ, ಒಂದು ಹಗಲು ಒಂದು ರಾತ್ರಿಯಲ್ಲಿ ಸುಮಾರು 6 ಎಕರೆ ಗದ್ದೆಯ ಮೇಲೆ ಒಂದಡಿ ನಿಲ್ಲುವಷ್ಟು ನೀರು ವ್ಯರ್ಥವಾಗುವುದು.

ಇಂತಹ ಸಮಯದಲ್ಲಿ ಯಾರನ್ನೂ ನೀರಿಗಿಳಿಸಕೂಡದು. ಕಂಡಿಯ ಸೆಳೆತಕ್ಕೆ ಕೈಕಾಲು ಸಿಕ್ಕಿದರೆ ಬಿಡಿಸಿಕೊಳ್ಳುವುದು ದುಸ್ಸಾಧ್ಯ. ಏರಿಯ ಹೊರಗಡೆಯ ತೂಬಿನ ಬಾಯನ್ನೂ ಮುಚ್ಚಕೂಡದು. ಮುಚ್ಚಿದಲ್ಲಿ ಒಳಗೆ ಒತ್ತಡವೇರಿ, ನೀರು ಕಲ್ಲಿನ ಸಂದುಗಳಿಂದ ಮಣ್ಣಿಗೆ ನುಗ್ಗಿ ಏರಿಯೇ ಒಡೆಯಬಹುದು. ತೂಬಿನ ಮೇಲ್ಗಡೆಯ ಹಾಸುಗಲ್ಲಿನಿಂದಲೇ, ಕಂಡಿಗಿಂತ ದೊಡ್ಡದಾದ ಹುಲ್ಲಿನ ಉಂಡೆಯನ್ನು ಗೋಣಿಯಲ್ಲಿ ಬಿಗಿದು ಗಳುವಿನ ತುದಿಗೆ ಕಟ್ಟಿ ಒತ್ತಿದರೆ ನೀರು ತಾತ್ಕಾಲಿಕವಾಗಿ ತಗ್ಗುವುದು. ಅಚ್ಚುಕಟ್ಟು 40 ಹೆಕ್ಟೇರಿಗೆ ಮೀರಿದ್ದರೆ ಸಣ್ಣ ನೀರಾವರಿ ಇಲಾಖೆಗೂ, ಇಲ್ಲವಾದರೆ ಪಂಚಾಯತಿಗೂ ಕೂಡಲೇ ತಿಳಿಸತಕ್ಕದ್ದು.

ಹೊಸ ಬಿರಡೆಗೆ ಹೊನ್ನೆ ಅಥವಾ ಮತ್ತಿಯ ಬಲಿತ ಚೇಗು ಯೋಗ್ಯವಾದುದು. ಅದನ್ನು ಬುಡ ಕಿರಿದಾಗಿಯೂ ತಲೆ ಅಗಲವಾಗಿಯೂ ಕೆತ್ತಿಸಿ, ತಲೆಗೆ ಕಬ್ಬಿಣದ ಬಳೆ ತೊಡಿಸಿ, ಗಳುವಿಗೆ ಭದ್ರಪಡಿಸತಕ್ಕದ್ದು. ಮರವು ನೀರು ಕುಡಿದು ಉಬ್ಬುವುದರಿಂದ ಅದನ್ನು ಗುದ್ದಿ ಕೂರಿಸಬೇಕಾಗಿಲ್ಲ.

ಬೇಸಗೆಯಲ್ಲಿ ಕೆರೆಯು ಬತ್ತಿದಾಗ ಕಂಡಿಯ ಅಳತೆ ತೆಗೆದು, ಹೆಚ್ಚಿನ ಬಿರಡೆಯೊಂದನ್ನು ಮುಂಗಾರಿಗೆ ಮೊದಲೇ ನೀರುಗಂಟಿಯ ವಶದಲ್ಲಿರಿಸುವುದು ಗ್ರಾಮದ ಮುಖಂಡರ ಹೊಣೆ. ಒಂದು ಮರದ ತುಂಡಿನ ವೆಚ್ಚವು ಒಂದು ಬೆಳೆಯ ಮುಂದೆ ಲೆಕ್ಕಕ್ಕೆ ಬಾರದು.