ದೀರ್ಘ ರಜೆ ಮತ್ತು ಸೈಕಲ್ ಅಭ್ಯಾಸ

ಬೇಸಿಗೆಯ ರಜೆಯು ಎಳೆಯ ಸೈಕಲ್ ಪಟುಗಳಿಗೆ ದೊರೆಯುವ ದೊಡ್ಡ ಸಂಪತ್ತು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಅಭ್ಯಾಸ ಮಾಡಿದ ಅನೇಕರು ರಾಷ್ಟ್ರಮಟ್ಟದಲ್ಲಿ ಹೆಸರು ಗಳಿಸಿದ್ದಾರೆ. ಆದರೆ ಸಂಪತ್ತನ್ನು ಒಮ್ಮೆಲೇ ವ್ಯಯಿಸಿದವರು ಬಡವರಾಗುವಂತೆ, ರಜೆಯ ಮೊದಲ ವಾರದಲ್ಲೇ ದಿನವಿಡೀ ಪೆಡಲು ತುಳಿದವರು ಮಂಡಿನೋವು, ಬಳಲಿಕೆಗಳಿಗೆ ತುತ್ತಾಗಿ ಉಳಿದ ವಾರಗಳನ್ನು ಕಳೆದುಕೊಳ್ಳಬಹುದು.

ಇದಕ್ಕೆ ಕಾರಣವುಂಟು. ಸವಾರಿಯ ವೇಳೆ ಸ್ನಾಯುಗಳು ತಮ್ಮಲ್ಲಿ ಸಂಗ್ರಹವಾಗಿರುವ ಗ್ಲೈಕೊಜನ್ ಎಂಬ ಇಂಧನವನ್ನು ಬಳಸುತ್ತವೆ. ದೀರ್ಘ ಸವಾರಿಯಿಂದ ಬರಿದಾದ ಈ ಸಂಗ್ರಹವು ಮರಳಿ ತುಂಬಲು ತಕ್ಕ ಆಹಾರವೂ ಸುಮಾರು 24 ಗಂಟೆಗಳ ಕಾಲವೂ ಬೇಕು. ಸ್ನಾಯುಗಳು ಬಲಗೊಳ್ಳುವುದು ವಿಶ್ರಾಂತಿಯ ಅವಧಿಯಲ್ಲಿಯೇ. ಶಾಲೆಯ ದಿನಗಳಲ್ಲಿ ದುರ್ಲಭವಾದ ನಿದ್ರೆ, ಬಿಡುವುಗಳೇ ರಜೆಯ ನಿಜವಾದ ಕೊಡುಗೆ.

ಆದುದರಿಂದ ವಿವೇಕಿಗಳಾದ ಪಟುಗಳು ಸವಾರಿಯ ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾರೆ. ಬಿಸಿಲೇರುವ ಮುನ್ನವೇ ಅಭ್ಯಾಸ ಮುಗಿಸುತ್ತಾರೆ. ಕಠಿಣ ಸವಾರಿಯ ಮರುದಿನ ಹಗುರವಾಗಿ ಸಾಗುತ್ತಾರೆ. ವಾರದಲ್ಲಿ ಒಂದು ದಿನ ಸೈಕಲ್ಲನ್ನು ಮುಟ್ಟುವುದಿಲ್ಲ.

1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್ ಎಂಬ ಜಗತ್ಪ್ರಸಿದ್ಧ ಸ್ಪರ್ಧೆಯು ಇಂದು 21 ಹಂತಗಳಲ್ಲಿ ನಡೆಯುತ್ತದೆ. ಅದರಲ್ಲಿಯೂ ಸಾಮಾನ್ಯವಾಗಿ ಎರಡು ದಿನಗಳು ವಿಶ್ರಾಂತಿಗೆಂದೇ ಮೀಸಲಾಗಿವೆ. ಜಗತ್ತಿನ ಶ್ರೇಷ್ಠ ಸವಾರರಿಗೇ ಬೇಕಾದ ಬಿಡುವು ಎಳೆಯರಿಗೆ ಬೇಡವೆ?